ಐದು ಸಾವಿರಕ್ಕೆ ಒಂದು

ಪ್ರತಿ ವರ್ಷ ಆಗಸ್ಟ್ ಬಂತೆಂದರೆ ನಮ್ಮ ಆಫೀಸಿನ ಏಳೆಂಟು ಜನಕ್ಕೆ ಒಂದು ಕಾಯಿಲೆ ಶುರುವಾಗುತ್ತೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆರಂಭವಾಗುವ ಹಿಂದಿನ ದಿನ ಒಂದು ಎಕ್ಸೆಲ್ ಶೀಟ್ ಎಲ್ಲರ ಮೇಲ್‌ಬಾಕ್ಸಿಗೆ ಬಂದು ಬೀಳುತ್ತೆ. ಮೊದಲ ನಾಲ್ಕು ಸ್ಥಾನ ಯಾರಿಗೆ, ಕೊನೆಯ ಮೂರು ಸ್ಥಾನ ಯಾರಿಗೆ, ಬರೆದು ವಾಪಸ್ ಕಳಿಸಬೇಕು. ಮೇ ತಿಂಗಳಲ್ಲಿ ಸೋತವರು ಗೆದ್ದವರಿಗೆ ಮಸಾಲೆ ದೋಸೆ ಕೊಡಿಸಬೇಕು. ದುಡ್ಡಿನ ಬೆಟ್ಟಿಂಗ್ ಅಲ್ಲ ಸ್ವಾಮಿ, ಬರೀ ದೋಸೆ :-)

ಸೀಸನ್ನಿಗೆ ಮುಂಚೆ ಭವಿಷ್ಯ ಹೇಳೋದು ನಮಗೇನು ಹೊಸದಲ್ಲ. "ಈ ಸಲ ಕಪ್ ನಮ್ದೇ" ಅಂತ ವರ್ಷಗಟ್ಟಲೆ ಕೂಗಿ, ಕೊನೆಗೆ 2025ರಲ್ಲಿ, ಹದಿನೆಂಟನೇ ಐಪಿಎಲ್‌ನಲ್ಲಿ, ಅದನ್ನ ನಿಜ ಮಾಡಿಕೊಂಡವರು ನಾವು. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಪಟ್ಟಿಯ ಕಟ್ಟಕಡೆಗೆ ಬಂತು. ಏನಾಯ್ತು? ಏನೂ ಆಗಲಿಲ್ಲ. ಮುಂದಿನ ವರ್ಷ ಅದೇ ಲೀಗು, ಅದೇ ಚಿನ್ನಸ್ವಾಮಿ. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಹಾಗಲ್ಲ. ಇಪ್ಪತ್ತು ತಂಡ, ತಲಾ 38 ಪಂದ್ಯ, ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಉರುಳಿ ಬೀಳುತ್ತವೆ. ಕೆಳಗಿನಿಂದ ಮೂರು ತಂಡ ಮೇಲೆ ಬರುತ್ತವೆ. ಇದಕ್ಕೆ ರೆಲಿಗೇಶನ್ ಅಂತಾರೆ. ಟಿವಿ ಹಣ ಹೋಗುತ್ತೆ, ಒಳ್ಳೆ ಆಟಗಾರರು ಹೋಗುತ್ತಾರೆ, ಕ್ಲಬ್ಬಿನ ಟಿಕೆಟ್ ಕೌಂಟರಿನಲ್ಲಿ ಕೂತವರ, ಅಡುಗೆ ಮಾಡುವವರ ಕೆಲಸಕ್ಕೂ ಕುತ್ತು ಬರಬಹುದು. ಹಾಗಾಗಿ ಶೀಟಿನಲ್ಲಿ ಕೊನೆಯ ಮೂರು ಹೆಸರು ಬರೆಯುವಾಗ ನನಗೆ ಸ್ವಲ್ಪ ಪಾಪಪ್ರಜ್ಞೆ ಕಾಡುತ್ತೆ. ಬರೆಯೋದಂತೂ ಬಿಟ್ಟಿಲ್ಲ.

ಈ ಚಟ ನನಗೆ ಹತ್ತಿದ್ದು 2015ರ ಆಗಸ್ಟ್‌ನಲ್ಲಿ, ಇಂಜಿನಿಯರಿಂಗ್ ಮೊದಲ ವರ್ಷದ ಹಾಸ್ಟೆಲ್ ರೂಮಿನಲ್ಲಿ. ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲರೂ ತಮ್ಮ ತಮ್ಮ ಪಟ್ಟಿ ಬರೆದೆವು. ಕೊನೆಯ ಮೂರರಲ್ಲಿ ನಾನು ಮೊದಲು ಬರೆದ ಹೆಸರೇ ಲೆಸ್ಟರ್ ಸಿಟಿ. ಬೆಳಗಾವಿಯ ರೂಮ್‌ಮೇಟ್ ಮಾತ್ರ ತಕರಾರು ತೆಗೆದ. "ಲೇ, ಹೋದ ವರ್ಷ ಕಡೀ ಒಂಬತ್ತು ಮ್ಯಾಚಿನ್ಯಾಗ ಏಳು ಗೆದ್ದಾರ ನೋಡು" ಅಂದ. ಅವನು ಅವರನ್ನ ಹತ್ತನೇ ಸ್ಥಾನಕ್ಕೆ ಹಾಕಿದ. ನಾವೆಲ್ಲ ನಕ್ಕೆವು.

ಮುಂದೇನಾಯ್ತು ಅನ್ನೋದು ಫುಟ್‌ಬಾಲ್ ನೋಡದವರಿಗೂ ಗೊತ್ತು. ಆದರೆ ನಾವು ನಕ್ಕಿದ್ದು ಯಾಕೆ, ನಮ್ಮ ಜೊತೆ ಇಡೀ ಇಂಗ್ಲೆಂಡ್ ನಕ್ಕಿದ್ದು ಯಾಕೆ ಅನ್ನೋ ಪ್ರಶ್ನೆ ನನ್ನ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಅದಕ್ಕಾಗಿ ಸ್ವಲ್ಪ ಹಳೇ ಕಥೆ ಕೆದಕಿದೆ.

ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಶುರುವಾಗಿದ್ದು 1888ರಲ್ಲಿ, ಹನ್ನೆರಡು ಕ್ಲಬ್‌ಗಳೊಂದಿಗೆ. ಎರಡನೇ ದರ್ಜೆ ಬಂದದ್ದು 1892ರಲ್ಲಿ. ಆಗ ಕೊನೆಗೆ ಬಂದವರು ನೇರವಾಗಿ ಕೆಳಗಿಳಿಯುತ್ತಿರಲಿಲ್ಲ. ಮೇಲಿನ ದರ್ಜೆಯ ಕೊನೆಯವರಿಗೂ ಕೆಳಗಿನ ದರ್ಜೆಯ ಮೊದಲಿಗರಿಗೂ ಪಂದ್ಯ ಏರ್ಪಡಿಸುತ್ತಿದ್ದರು. ಅದರ ಹೆಸರು "ಟೆಸ್ಟ್ ಮ್ಯಾಚ್" (ಕ್ರಿಕೆಟ್ಟಿಗರು ಕ್ಷಮಿಸಿ). 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳಿಗೆ ಕೊನೆಯ ಟೆಸ್ಟ್ ಮ್ಯಾಚ್ ಡ್ರಾ ಆದರೆ ಸಾಕಿತ್ತು, ಇಬ್ಬರೂ ಮೇಲಿನ ದರ್ಜೆ ಸೇರುತ್ತಿದ್ದರು. ಆದದ್ದೇನು ಹೇಳಬೇಕೆ? ಸೊನ್ನೆ-ಸೊನ್ನೆ. ಇಡೀ ಪಂದ್ಯದಲ್ಲಿ ಗೋಲಿನತ್ತ ನೆಟ್ಟಗೆ ಒಂದು ಹೊಡೆತವೂ ಬೀಳಲಿಲ್ಲ ಅಂತ ಕಥೆ. ಬಹುಶಃ ಚರಿತ್ರೆಯಲ್ಲೇ ಅತಿ ಸುಲಭವಾಗಿ ಊಹಿಸಬಹುದಾಗಿದ್ದ ಫಲಿತಾಂಶ ಅದು. ಆ ಗಲಾಟೆಯ ನಂತರ ಟೆಸ್ಟ್ ಮ್ಯಾಚ್ ರದ್ದಾಗಿ, ಕೊನೆಯವರು ತಾನಾಗೇ ಕೆಳಗೆ, ಮೊದಲಿಗರು ತಾನಾಗೇ ಮೇಲೆ ಅನ್ನೋ ಪದ್ಧತಿ ಬಂತು.

ಊಹೆ ಒಂದು ಉದ್ಯಮವೇ ಆದದ್ದು ಆಮೇಲೆ. 1923ರಲ್ಲಿ ಲಿವರ್‌ಪೂಲಿನ ಜಾನ್ ಮೂರ್ಸ್ ಮತ್ತವನ ಇಬ್ಬರು ಗೆಳೆಯರು ಲಿಟಲ್‌ವುಡ್ಸ್ ಅನ್ನೋ ಹೆಸರಲ್ಲಿ ಕೂಪನ್ ಅಚ್ಚು ಹಾಕಿಸಿ ಓಲ್ಡ್ ಟ್ರಾಫರ್ಡ್ ಮೈದಾನದ ಹೊರಗೆ ಹಂಚಿದರು. ವಾರದ ಪಂದ್ಯಗಳ ಫಲಿತಾಂಶ ಊಹಿಸಿ ತುಂಬಿ ಕಳಿಸಬೇಕು, ಸರಿಯಾದವರಿಗೆ ಬಹುಮಾನ. ಇದೇ "ಫುಟ್‌ಬಾಲ್ ಪೂಲ್ಸ್". ಶುರುವಿನಲ್ಲಿ ನಷ್ಟ, ಆಮೇಲೆ ದೇಶಕ್ಕೆ ದೇಶವೇ ಕೂಪನ್ ತುಂಬತೊಡಗಿತು. ಲೀಗಿನ ಆಡಳಿತದವರಿಗೆ ಇದು ಎಷ್ಟು ಕಣ್ಣುರಿ ಆಯಿತೆಂದರೆ 1936ರಲ್ಲಿ ಯಾರ ಪಂದ್ಯ ಯಾರ ಜೊತೆ ಅನ್ನೋದನ್ನೇ ಕೊನೇ ಗಳಿಗೆವರೆಗೆ ಗುಟ್ಟಾಗಿಟ್ಟರು. ಪಂದ್ಯ ಯಾವುದು ಅಂತ ಗೊತ್ತಿಲ್ಲದೆ ಕೂಪನ್ ಹೇಗೆ ಅಚ್ಚಾಗುತ್ತೆ ಅನ್ನೋ ಲೆಕ್ಕಾಚಾರ. ಆದರೆ ಪಂದ್ಯ ಯಾವುದು ಅಂತ ಪ್ರೇಕ್ಷಕರಿಗೂ ಗೊತ್ತಾಗಬೇಕಲ್ಲ! ಮೈದಾನ ಖಾಲಿ ಹೊಡೆಯಿತು, ಕೆಲವೇ ವಾರದಲ್ಲಿ ಯೋಜನೆ ಕೈಬಿಟ್ಟರು. ಡೇಟಾಬೇಸಿಗೆ ಪಾಸ್‌ವರ್ಡ್ ಹಾಕಿ ಪಾಸ್‌ವರ್ಡ್ ಮರೆತಂತೆ.

ನನಗೆ ಎಲ್ಲಕ್ಕಿಂತ ಇಷ್ಟವಾದ್ದು 1963ರ ಚಳಿಗಾಲದ ಕಥೆ. ಆ ವರ್ಷ ಬ್ರಿಟನ್ನಿನಲ್ಲಿ ಹಿಮ ಬಿದ್ದು ಮೈದಾನಗಳೆಲ್ಲ ಕಲ್ಲಾಗಿ ವಾರಗಟ್ಟಲೆ ಪಂದ್ಯಗಳೇ ನಡೆಯಲಿಲ್ಲ. ಪಂದ್ಯವಿಲ್ಲದೆ ಪೂಲ್ಸ್ ಕಂಪನಿಗಳು ಬದುಕೋದು ಹೇಗೆ? ಒಂದು ಸಮಿತಿ ಮಾಡಿದರು. ಟಾಮ್ ಫಿನ್ನಿ, ಟಾಮಿ ಲಾಟನ್‌ರಂಥ ಮಾಜಿ ಆಟಗಾರರು, ಒಬ್ಬ ಮಾಜಿ ರೆಫರಿ, ಅಧ್ಯಕ್ಷರಾಗಿ ಒಬ್ಬ ಲಾರ್ಡ್. ಇವರೆಲ್ಲ ಲಂಡನ್ನಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಕೂತು, ನಡೆಯದೇ ಇದ್ದ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಿದ್ದರು ಅಂತ ತೀರ್ಮಾನ ಮಾಡುತ್ತಿದ್ದರು. ಆ ತೀರ್ಮಾನವೇ ಕೂಪನ್ನಿನ ಅಧಿಕೃತ ಫಲಿತಾಂಶ! ಲೀಗಿನ ಪಟ್ಟಿಗೆ ಅದು ಸೇರುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಊಹೆ ಎಂದೂ ತಪ್ಪಾಗದ ವಾರಗಳು ಅವು.

ಸರಿ, ಇದು ವಾರದ ಊಹೆಯಾಯ್ತು. ಇಡೀ ಸೀಸನ್ನಿನ ಊಹೆ ಆ ಕಾಲದಲ್ಲಿ ಎಷ್ಟು ಕಷ್ಟ ಇತ್ತು ಅಂತ ತಿಳೀಬೇಕಾದರೆ 1937-38ರ ಪಟ್ಟಿ ನೋಡಬೇಕು. ಅದರ ಹಿಂದಿನ ವರ್ಷದ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ. ಮರುವರ್ಷ ಇಡೀ ದರ್ಜೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದದ್ದೂ ಅವರೇ, 80. ಬಿಟ್ಟುಕೊಟ್ಟದ್ದು 77. ಹಾಗಿದ್ದೂ 22 ತಂಡಗಳಲ್ಲಿ 21ನೇ ಸ್ಥಾನಕ್ಕೆ ಬಂದು ಕೆಳಗಿಳಿದರು! ನಾನು ಮೊದಲ ಸಲ ಓದಿದಾಗ ಯಾರೋ ಟೇಬಲ್ಲನ್ನ ಉಲ್ಟಾ ಸಾರ್ಟ್ ಮಾಡಿದ್ದಾರೆ ಅಂದುಕೊಂಡೆ. ಗುಟ್ಟು ಇರೋದು ಪಾಯಿಂಟುಗಳಲ್ಲಿ. ಚಾಂಪಿಯನ್ ಆರ್ಸೆನಲ್‌ಗೆ 52, ಕೆಳಗಿಳಿದ ಸಿಟಿಗೆ 36. ಗೆಲುವಿಗೆ ಎರಡು ಪಾಯಿಂಟ್ ಇದ್ದ ಕಾಲ. ಅಂದರೆ ಶಿಖರಕ್ಕೂ ಪಾತಾಳಕ್ಕೂ ನಡುವೆ 42 ಪಂದ್ಯಗಳಲ್ಲಿ ಬರೀ ಎಂಟು ಗೆಲುವಿನ ಅಂತರ. ಅಷ್ಟು ಇಕ್ಕಟ್ಟಿನ ಪಟ್ಟಿಯಲ್ಲಿ ಯಾರು ಏನು ಊಹಿಸಿಯಾರು?

ಈ ಇಕ್ಕಟ್ಟಿಗೆ ಕಾರಣ ನಿಯಮಗಳು. 1961ರ ಜನವರಿವರೆಗೆ ಆಟಗಾರರ ಸಂಬಳಕ್ಕೆ ಗರಿಷ್ಠ ಮಿತಿ ಇತ್ತು. ಕೊನೆಗೆ ಅದು ವಾರಕ್ಕೆ 20 ಪೌಂಡ್. ಎಷ್ಟೇ ಶ್ರೀಮಂತ ಕ್ಲಬ್ಬಾದರೂ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಆಟಗಾರರ ದೃಷ್ಟಿಯಿಂದ ಇದು ಶುದ್ಧ ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ಒಳ್ಳೆ ಆಟಗಾರರು ನಾಲ್ಕೈದು ಕಡೆ ಗುಡ್ಡೆಯಾಗದೆ ಹರಡಿಕೊಂಡಿದ್ದರು ಅನ್ನೋದೂ ಸತ್ಯ. ಇನ್ನೊಂದು, 1983ರವರೆಗೆ ಆತಿಥೇಯ ಕ್ಲಬ್ ತನ್ನ ಟಿಕೆಟ್ ಹಣದಲ್ಲಿ ಒಂದು ಪಾಲನ್ನು ಎದುರಾಳಿಗೆ ಕೊಡಬೇಕಿತ್ತು. ದೊಡ್ಡ ಊರಿನ ಮೈದಾನ ತುಂಬಿದರೆ ಚಿಕ್ಕ ಊರಿನ ಕ್ಲಬ್ಬಿಗೂ ಊಟ.

ಆ ಕಾಲದ ದೊಡ್ಡ ಅಚ್ಚರಿ ಇಪ್ಸ್‌ವಿಚ್. ಪೂರ್ವ ಇಂಗ್ಲೆಂಡಿನ ಚಿಕ್ಕ ಊರು. ಲೀಗಿಗೆ ಸೇರಿದ್ದೇ 1938ರಲ್ಲಿ. 1961ರಲ್ಲಿ ಎರಡನೇ ದರ್ಜೆ ಗೆದ್ದು ಮೊದಲ ಬಾರಿ ಮೇಲಿನ ದರ್ಜೆಗೆ ಬಂತು. ಬಂದ ಮೊದಲ ವರ್ಷವೇ, 1961-62ರಲ್ಲಿ, ಚಾಂಪಿಯನ್! ಮ್ಯಾನೇಜರ್ ಆಲ್ಫ್ ರಾಮ್ಸೆ. ಅವನ ಕೈಯಲ್ಲಿದ್ದ ತಂತ್ರ ಬಹಳ ಸರಳ. ಜಿಮ್ಮಿ ಲೆಡ್‌ಬೆಟರ್ ಅಂತ ಎಡಬದಿಯ ವಿಂಗರ್ ಇದ್ದ, ಓಟ ಅಷ್ಟಕ್ಕಷ್ಟೆ. ಅವನನ್ನ ಮುಂದೆ ನಿಲ್ಲಿಸದೆ ಹಿಂದಕ್ಕೆ ಎಳೆದುಕೊಂಡ. ಎದುರಾಳಿ ಡಿಫೆಂಡರ್ ಯಾರನ್ನ ಕಾಯಬೇಕು ಅಂತ ಗೊತ್ತಾಗದೆ ತಬ್ಬಿಬ್ಬು. ಲೆಡ್‌ಬೆಟರ್ ಅಲ್ಲಿಂದಲೇ ಚೆಂಡು ಕಳಿಸುತ್ತಿದ್ದ, ಮುಂದೆ ರೇ ಕ್ರಾಫರ್ಡ್ ಮತ್ತು ಟೆಡ್ ಫಿಲಿಪ್ಸ್ ಜೋಡಿ ಲೀಗಿನಲ್ಲೇ 61 ಗೋಲು ಹೊಡೆಯಿತು. ಆದರೆ ತಂತ್ರ ಒಮ್ಮೆ ಗೊತ್ತಾದ ಮೇಲೆ ಮುಗಿಯಿತು. 1962ರ ಆಗಸ್ಟ್‌ನಲ್ಲಿ ಚಾರಿಟಿ ಶೀಲ್ಡ್ ಪಂದ್ಯದಲ್ಲಿ ಟಾಟನ್‌ಹ್ಯಾಮ್ ಅದಕ್ಕೆ ಉತ್ತರ ಕಂಡುಕೊಂಡು 5-1ರಿಂದ ಹೊಡೆದು ಹಾಕಿತು. ಆ ವರ್ಷ ಇಪ್ಸ್‌ವಿಚ್ 17ನೇ ಸ್ಥಾನ. ಮರುವರ್ಷ ರೆಲಿಗೇಶನ್. ರಾಮ್ಸೆ ಅಷ್ಟರಲ್ಲಿ ಇಂಗ್ಲೆಂಡ್ ತಂಡಕ್ಕೆ ಹೋಗಿ 1966ರ ವಿಶ್ವಕಪ್ ಗೆಲ್ಲುವ ದಾರಿಯಲ್ಲಿದ್ದ.

ಇನ್ನೊಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್. 1976-77ರಲ್ಲಿ ಎರಡನೇ ದರ್ಜೆಯಲ್ಲಿ ಮೂರನೇ ಸ್ಥಾನ. ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಮೇಲೆ ತೆವಳಿಕೊಂಡು ಬಂದ ತಂಡ. ಮರುವರ್ಷ ಬ್ರಯಾನ್ ಕ್ಲಫ್ ಮತ್ತು ಪೀಟರ್ ಟೇಲರ್ ಅದೇ ತಂಡಕ್ಕೆ ಗೋಲ್‌ಕೀಪರ್ ಪೀಟರ್ ಶಿಲ್ಟನ್‌ನಂಥ ಕೆಲವರನ್ನ ಸೇರಿಸಿ, ಲಿವರ್‌ಪೂಲನ್ನ ಏಳು ಪಾಯಿಂಟ್ ಹಿಂದೆ ಬಿಟ್ಟು ಲೀಗ್ ಗೆದ್ದರು. 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ಪೂ ಅವರದೇ.

ಇಲ್ಲಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಮೇಲೆ ಬಂದ ಮೊದಲ ವರ್ಷವೇ ಲೀಗ್ ಗೆದ್ದವರು ಎಷ್ಟು ಜನ? ಲಿವರ್‌ಪೂಲ್ 1906, ಎವರ್ಟನ್ 1932, ಟಾಟನ್‌ಹ್ಯಾಮ್ 1951, ಇಪ್ಸ್‌ವಿಚ್ 1962, ಫಾರೆಸ್ಟ್ 1978. ಐದು. 1888ರಿಂದ 2015ರವರೆಗೆ, ಎರಡು ಮಹಾಯುದ್ಧಗಳ ವರ್ಷ ಬಿಟ್ಟರೆ, ಪೂರ್ತಿ ನಡೆದ ಸೀಸನ್‌ಗಳು 116. ಅಂದರೆ ಸುಮಾರು 23 ವರ್ಷಕ್ಕೊಮ್ಮೆ. ಅಪರೂಪ ನಿಜ, ಆದರೆ ಪವಾಡ ಏನಲ್ಲ.

2015ರ ಆಗಸ್ಟ್‌ನಲ್ಲಿ ಬುಕ್‌ಮೇಕರ್‌ಗಳು ಲೆಸ್ಟರ್ ಸಿಟಿ ಗೆಲ್ಲುವ ಸಾಧ್ಯತೆಗೆ ಕೊಟ್ಟ ದರ 5000ಕ್ಕೆ 1. ಒಂದು ಪೌಂಡ್ ಕಟ್ಟಿದರೆ ಐದು ಸಾವಿರ. ಅಕ್ಷರಶಃ ತಗೊಂಡರೆ ಐದು ಸಾವಿರ ವರ್ಷಕ್ಕೊಮ್ಮೆ ನಡೆಯುವ ಘಟನೆ. ಹರಪ್ಪದ ಕಾಲದಿಂದ ಲೀಗ್ ಆಡಿಕೊಂಡು ಬಂದಿದ್ದರೆ ಒಂದು ಸಲ ಆಗುತ್ತಿತ್ತೇನೋ! 116 ವರ್ಷದ ಲೀಗಿಗೆ ಈ ಸಂಖ್ಯೆ ಎಲ್ಲಿಂದ ಬಂತು?

ನನ್ನ ಪ್ರಕಾರ ಎರಡು ಕಡೆಯಿಂದ. ಒಂದು, ಅದು ಲೆಕ್ಕ ಹಾಕಿದ ಸಂಖ್ಯೆಯೇ ಅಲ್ಲ. ಪಟ್ಟಿಯ ಕೆಳಭಾಗದ ತಂಡಗಳ ಮೇಲೆ ಯಾರೂ ದೊಡ್ಡ ಹಣ ಕಟ್ಟಲ್ಲ, ಹಾಗಾಗಿ ಒಂದು ದೊಡ್ಡ ಗುಂಡು ಸಂಖ್ಯೆ ಬರೆದು ಬಿಡೋದು. ನಾವು ಕೋಡ್‌ನಲ್ಲಿ ಯಾವತ್ತೂ ಬರಲ್ಲ ಅಂದುಕೊಂಡ ಕೇಸಿಗೆ 9999 ಅಂತ ಬರೆದಂತೆ. ಎರಡನೆಯದು, ಅವರು ನೋಡುತ್ತಿದ್ದದ್ದು ಬರೀ ಇತ್ತೀಚಿನ ಚರಿತ್ರೆ. 1992ರಲ್ಲಿ ಪ್ರೀಮಿಯರ್ ಲೀಗ್ ಅಂತ ಹೆಸರು ಬದಲಾಗಿ ಟಿವಿ ಹಣದ ಹೊಳೆ ಹರಿದ ಮೇಲೆ ಚಾಂಪಿಯನ್ ಆದವರು ಐದೇ ಕ್ಲಬ್. ಮ್ಯಾಂಚೆಸ್ಟರ್ ಯುನೈಟೆಡ್, ಬ್ಲ್ಯಾಕ್‌ಬರ್ನ್, ಆರ್ಸೆನಲ್, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ. 1995ರ ಬ್ಲ್ಯಾಕ್‌ಬರ್ನ್ ಬಿಟ್ಟರೆ ಉಳಿದ ನಾಲ್ಕೇ. ಈ ಕಿಟಕಿಯಿಂದ ನೋಡಿದರೆ ಲೆಸ್ಟರ್ ಕಾಣಿಸೋದೇ ಇಲ್ಲ. ಭವಿಷ್ಯ ಹೇಳೋದು ಅಂದರೆ ಕೊನೆಗೆ ಎಷ್ಟು ಹಿಂದಿನ ಚರಿತ್ರೆ ನೋಡಬೇಕು ಅಂತ ಆರಿಸೋದು. ಬಹಳ ಜನರ ಊಹೆಯಂತೂ ಹೋದ ವರ್ಷದ ಪಟ್ಟಿಯನ್ನ ಕಾಪಿ ಮಾಡಿ ಎರಡು ಹೆಸರು ಅದಲು ಬದಲು ಮಾಡಿದ್ದು. ನನ್ನದೂ ಅಷ್ಟೇ.

ಗಣಿತದವರಿಗೆ ಈ ಸಮಸ್ಯೆ ಮೊದಲೇ ಗೊತ್ತಿತ್ತು. ಇಂಜಿನಿಯರಿಂಗ್ ಓದಿದವರಿಗೆ ಎಂ-ಫೋರ್ ಪೇಪರಿನ ಪಾಯ್ಸನ್ ಡಿಸ್ಟ್ರಿಬ್ಯೂಷನ್ ನೆನಪಿರಬಹುದು (ನನಗೆ ಅದರಲ್ಲಿ ಬಂದ ಮಾರ್ಕ್ಸ್ ಕೇಳಬೇಡಿ). ಒಂದು ಪಂದ್ಯದಲ್ಲಿ ಬೀಳುವ ಗೋಲುಗಳಿಗೆ ಅದು ಸುಮಾರಾಗಿ ಹೊಂದುತ್ತೆ. 1982ರಲ್ಲಿ ಮೈಕ್ ಮೇಹರ್ ಅನ್ನುವವರು ಪ್ರತಿ ತಂಡಕ್ಕೂ ಒಂದು ದಾಳಿಯ ಅಂಕ, ಒಂದು ರಕ್ಷಣೆಯ ಅಂಕ ಕೊಟ್ಟು ಸ್ಕೋರ್ ಅಂದಾಜು ಮಾಡುವ ಪ್ರಬಂಧ ಬರೆದರು. 1997ರಲ್ಲಿ ಮಾರ್ಕ್ ಡಿಕ್ಸನ್ ಮತ್ತು ಸ್ಟುವರ್ಟ್ ಕೋಲ್ಸ್ ಅದನ್ನ ತಿದ್ದಿದರು. ಅವರ ತಿದ್ದುಪಡಿಗಳಲ್ಲಿ ಒಂದು, ಹಳೆಯ ಪಂದ್ಯಕ್ಕೆ ಕಡಿಮೆ ತೂಕ, ಹೊಸ ಪಂದ್ಯಕ್ಕೆ ಹೆಚ್ಚು ತೂಕ. ಓದಿದಾಗ ಬೆಳಗಾವಿಯವನು ನೆನಪಾದ. ಅವನು ಪಾಯ್ಸನ್ ಹೆಸರು ಕೇಳೋಕೆ ಮುಂಚೆಯೇ ಬಾಯಲ್ಲಿ ಮಾಡಿದ್ದು ಇದನ್ನೇ ಅಲ್ಲವೇ?

ಲೆಸ್ಟರ್‌ನ 2014-15 ನೋಡಿ. ಮೊದಲ 29 ಪಂದ್ಯಗಳಲ್ಲಿ 19 ಪಾಯಿಂಟ್. ಕ್ರಿಸ್‌ಮಸ್ ಹೊತ್ತಿಗೆ ಪಟ್ಟಿಯ ತಳದಲ್ಲಿದ್ದರು. ಕೊನೆಯ ಒಂಬತ್ತರಲ್ಲಿ ಏಳು ಗೆಲುವು, ಒಂದು ಡ್ರಾ, 22 ಪಾಯಿಂಟ್. ಒಟ್ಟು 41, ಹದಿನಾಲ್ಕನೇ ಸ್ಥಾನ. ಒಂದೇ ಸಂಖ್ಯೆಯೊಳಗೆ ಎರಡು ಬೇರೆ ತಂಡಗಳು ಅಡಗಿ ಕೂತಿದ್ದವು. ನಾವು ನೋಡಿದ್ದು 41 ಮಾತ್ರ. ಜೊತೆಗೆ ಬೇಸಿಗೆಯಲ್ಲಿ ಮ್ಯಾನೇಜರ್ ನೈಜೆಲ್ ಪಿಯರ್‌ಸನ್‌ನನ್ನ ತೆಗೆದು ಕ್ಲಾಡಿಯೋ ರಾನಿಯೇರಿಯನ್ನ ತಂದರು. ಆತ ಹಿಂದಿನ ನವೆಂಬರ್‌ನಲ್ಲಷ್ಟೇ ಗ್ರೀಸ್ ತಂಡ ತವರಿನಲ್ಲಿ ಪುಟ್ಟ ಫ್ಯಾರೋ ದ್ವೀಪಗಳ ಎದುರು ಸೋತಾಗ ಕೆಲಸ ಕಳಕೊಂಡಿದ್ದ. ನಗದೇ ಇರೋಕೆ ಯಾರಿಗೆ ಸಾಧ್ಯ? ಲೆಸ್ಟರ್‌ನಲ್ಲೇ ಹುಟ್ಟಿ ಬೆಳೆದ ಗ್ಯಾರಿ ಲಿನೆಕರ್ ಕೂಡ ಮೂಗು ಮುರಿದಿದ್ದ. ಡಿಸೆಂಬರ್‌ನಲ್ಲಿ ಅವನು ಲೆಸ್ಟರ್ ಗೆದ್ದರೆ ಒಳಚಡ್ಡಿಯಲ್ಲಿ ಟಿವಿ ಕಾರ್ಯಕ್ರಮ ನಡೆಸಿಕೊಡ್ತೀನಿ ಅಂದ. 2016ರ ಆಗಸ್ಟ್‌ನಲ್ಲಿ ಮಾತು ಉಳಿಸಿಕೊಂಡ ಕೂಡ.

ಇದೆಲ್ಲ ಬರೀ ಅದೃಷ್ಟ ಅನ್ನುವವರಿದ್ದಾರೆ. ಸಣ್ಣ ಲೆಕ್ಕ ಹಾಕೋಣ. ಒಂದು ಸಾಧಾರಣ ತಂಡ ಏನೂ ಬದಲಾಗದೆ 38 ಪಂದ್ಯವನ್ನ ಮತ್ತೆ ಮತ್ತೆ ಆಡಿದರೆ, ಬರೀ ಅದೃಷ್ಟದಿಂದ ಅದರ ಪಾಯಿಂಟ್‌ನಲ್ಲಾಗುವ ಏರುಪೇರಿನ ಸ್ಟ್ಯಾಂಡರ್ಡ್ ಡಿವಿಯೇಶನ್ ಸುಮಾರು ಎಂಟು. 41ರಿಂದ 49 ಆದರೆ ಅದೃಷ್ಟ ಅನ್ನಿ. ಲೆಸ್ಟರ್ 81 ಗಳಿಸಿತು. ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಹೆಚ್ಚು. 38ರಲ್ಲಿ ಸೋತದ್ದು ಮೂರೇ. ಇದು ಅದೃಷ್ಟಕ್ಕೆ ಸಿಗುವ ಸಂಖ್ಯೆಯಲ್ಲ, ತಂಡವೇ ಬೇರೆಯಾಗಿತ್ತು. ಫ್ರಾನ್ಸಿನ ಕಾನ್ ಕ್ಲಬ್ಬಿನಿಂದ ಬಂದ ಎನ್‌ಗೊಲೋ ಕಾಂಟೆ ನಡುಮೈದಾನದಲ್ಲಿ ಇಬ್ಬರ ಕೆಲಸ ಮಾಡಿದ. ವಾರ್ಡಿ 24 ಗೋಲು, ಮಹ್ರೇಜ್ 17. ಅದೃಷ್ಟ ಇದ್ದದ್ದು ಇನ್ನೊಂದು ಕಡೆ. ದೊಡ್ಡವರೆಲ್ಲ ಒಂದೇ ವರ್ಷ ಎಡವಿದರು. ಹಿಂದಿನ ಚಾಂಪಿಯನ್ ಚೆಲ್ಸಿ ಹತ್ತನೇ ಸ್ಥಾನ. ಡಿಸೆಂಬರ್‌ನಲ್ಲಿ ಲೆಸ್ಟರ್‌ಗೆ ಸೋತ ಕೆಲವೇ ದಿನದಲ್ಲಿ ಮೊರಿನ್ಯೋ ಮನೆಗೆ. 2016ರ ಮೇ 2ರಂದು ಟಾಟನ್‌ಹ್ಯಾಮ್ ಚೆಲ್ಸಿ ಜೊತೆ 2-2 ಡ್ರಾ ಮಾಡಿಕೊಂಡಾಗ ಎಲ್ಲ ಮುಗಿಯಿತು. ನಮ್ಮಲ್ಲಿ ನಡುರಾತ್ರಿ ದಾಟಿತ್ತು. ರೂಮ್‌ಮೇಟ್ ಎದ್ದು ಹೋಗಿ ಆ ಕ್ಯಾಲೆಂಡರ್ ತಂದು ನನ್ನ ಮಂಚದ ಮೇಲೆ ಇಟ್ಟ. ಏನೂ ಮಾತಾಡಲಿಲ್ಲ. ಅದೇ ಹೆಚ್ಚು ಉರಿದದ್ದು.

ಆ ಎಂಟು ಪಾಯಿಂಟ್ ಲೆಕ್ಕ ಪಟ್ಟಿಯ ಕೆಳಗೆ ಬೇರೆ ಥರ ಕೆಲಸ ಮಾಡುತ್ತೆ. 2014-15ರಲ್ಲೇ ಹದಿನಾಲ್ಕನೇ ಲೆಸ್ಟರ್‌ಗೆ 41, ಕೆಳಗಿಳಿದ ಹಲ್‌ಗೆ 35. ಆರು ಪಾಯಿಂಟ್ ಒಳಗೆ ಐದು ತಂಡ. ಅಲ್ಲಿ ಯಾರು ಉಳಿದರು, ಯಾರು ಮುಳುಗಿದರು ಅನ್ನೋದರಲ್ಲಿ ದೊಡ್ಡ ಪಾಲು ಕಂಬಕ್ಕೆ ತಗುಲಿದ ಚೆಂಡಿನದ್ದು. ಮೇಲಿನ ನಾಲ್ಕು ಹೇಳೋದಕ್ಕಿಂತ ಕೊನೆಯ ಮೂರು ಹೇಳೋದು ಕಷ್ಟ ಅಂತ ನಾನು ನಂಬಿದ್ದು ಇದರಿಂದಲೇ.

ನಂಬಿದ್ದೆ. ಈಚೆಗೆ ಅದೂ ಕೈಕೊಟ್ಟಿತು. ಮೇಲೆ ಬಂದ ಮೂರೂ ತಂಡ ಅದೇ ವರ್ಷ ಕೆಳಗಿಳಿದದ್ದು ಪ್ರೀಮಿಯರ್ ಲೀಗಿನಲ್ಲಿ 1997-98ರಲ್ಲಿ ಒಮ್ಮೆ ಮಾತ್ರ ಆಗಿತ್ತು. 2023-24ರಲ್ಲಿ ಮತ್ತೆ ಆಯಿತು: ಲೂಟನ್, ಬರ್ನ್ಲಿ, ಶೆಫೀಲ್ಡ್ ಯುನೈಟೆಡ್. 2024-25ರಲ್ಲಿ ಇನ್ನೊಮ್ಮೆ. ಆ ವರ್ಷ ಚಾಂಪಿಯನ್ ಲಿವರ್‌ಪೂಲ್‌ಗೆ 84, ಕೊನೆಯ ಸೌತಾಂಪ್ಟನ್‌ಗೆ 12. ಗೆಲುವಿಗೆ ಈಗ ಮೂರು ಪಾಯಿಂಟ್ ಅಂತ ಇಟ್ಟುಕೊಂಡರೂ 24 ಗೆಲುವಿನ ಅಂತರ. 1938ರಲ್ಲಿ ಎಂಟು ಇತ್ತು. ಏನೂ ಯೋಚನೆ ಮಾಡದೆ ಮೇಲೆ ಬಂದ ಮೂರು ಹೆಸರು ಬರೆದಿದ್ದರೆ ಎರಡು ವರ್ಷವೂ ಪೂರ್ತಿ ಮಾರ್ಕ್ಸ್. ನಮ್ಮ ಆಫೀಸಿನಲ್ಲಿ ಫುಟ್‌ಬಾಲ್ ನೋಡದೇ ಇರುವ ಟೆಸ್ಟಿಂಗ್ ಟೀಮಿನ ಹುಡುಗಿಯೊಬ್ಬಳು ಹಾಗೇ ಮಾಡಿ ಎರಡು ವರ್ಷ ದೋಸೆ ತಿಂದಳು.

2024-25ರಲ್ಲಿ ಕೆಳಗಿಳಿದ ಉಳಿದಿಬ್ಬರು ಯಾರು ಗೊತ್ತಾ? ಇಪ್ಸ್‌ವಿಚ್ ಮತ್ತು ಲೆಸ್ಟರ್. 1962ರ ಚಾಂಪಿಯನ್ನೂ 2016ರ ಚಾಂಪಿಯನ್ನೂ ಜೊತೆಜೊತೆಗೆ. ಅದೇ ಲೀಗಿನಲ್ಲಿ ಫಾರೆಸ್ಟ್ ಕೂಡ ಇತ್ತು. ಹಿಂದಿನ ವರ್ಷ ಹಣಕಾಸಿನ ನಿಯಮ ಮೀರಿದ್ದಕ್ಕೆ ನಾಲ್ಕು ಪಾಯಿಂಟ್ ಕಡಿತವಾಗಿ, 32 ಪಾಯಿಂಟ್‌ನಲ್ಲಿ ಹದಿನೇಳನೇ ಸ್ಥಾನದಲ್ಲಿ ಹೇಗೋ ಬಚಾವಾಗಿದ್ದ ತಂಡ.

2024ರ ಆಗಸ್ಟ್‌ನಲ್ಲಿ ಶೀಟ್ ಬಂದಾಗ ನನ್ನ ಪೈಥಾನ್ ಸ್ಕ್ರಿಪ್ಟು ಲೆಸ್ಟರ್ ಹೆಸರನ್ನ ಕೊನೆಯ ಮೂರರಲ್ಲಿ ತೋರಿಸುತ್ತಿತ್ತು. ನನಗೆ ಕೈ ಬರಲಿಲ್ಲ. ಒಂದು ಸಲ ಬರೆದು ಅನುಭವಿಸಿದ್ದು ಸಾಕು ಅನ್ನಿಸಿತು. ಲೆಸ್ಟರ್ ಅಳಿಸಿ ಅಲ್ಲಿ ಫಾರೆಸ್ಟ್ ಅಂತ ಬರೆದು ಕಳಿಸಿದೆ. ಲೆಸ್ಟರ್ 25 ಪಾಯಿಂಟ್‌ನೊಂದಿಗೆ ಕೆಳಗಿಳಿಯಿತು. ಫಾರೆಸ್ಟ್ 65 ಗಳಿಸಿ ಏಳನೇ ಸ್ಥಾನಕ್ಕೆ ಬಂದು ಯುರೋಪಿಗೆ ಹೋಯಿತು.

ಬೆಳಗಾವಿಯವನಿಗೆ ಮೆಸೇಜ್ ಹಾಕಿ ಹೇಳಿದೆ. "ಕಡೀ ಒಂಬತ್ತು ಮ್ಯಾಚ್ ನೋಡಿದ್ಯೇನ್ ಲೇ?" ಅಂತ ಕೇಳಿದ. ನೋಡಿರಲಿಲ್ಲ.